ತಾಳುವುದೇ ಬೇರೆ, ಚೇತರಿಸಿಕೊಳ್ಳುವುದೇ ಬೇರೆ

ಸಾವಿನ ಮನೆಯ ಜಗಲಿಯಲ್ಲಿ ಕೂತವರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ಅಳುತ್ತಿರುವವಳಿಗೆ ‘ಧೈರ್ಯ ತಗೋಬೇಕಮ್ಮ, ಮಕ್ಕಳ ಮುಖ ನೋಡು’ ಎನ್ನುವುದು ಒಂದು. ಕಣ್ಣೀರು ಹಾಕದೆ, ಬಂದವರಿಗೆಲ್ಲ ಕಾಫಿ ಕೊಡುತ್ತ, ತಿಥಿಯ ಅಡುಗೆಯವರಿಗೆ ಫೋನು ಮಾಡುತ್ತ ಓಡಾಡುವವಳನ್ನು ನೋಡಿ ‘ಎಷ್ಟು ಗಟ್ಟಿ ನೋಡಿ ಈಕೆ’ ಎನ್ನುವುದು ಇನ್ನೊಂದು. ಕರ್ಮಾಂತರ ಮುಗಿದು, ಶಾಮಿಯಾನ ಬಿಚ್ಚಿ, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಇವರಿಬ್ಬರಲ್ಲಿ ಯಾರು ಬೇಗ ಮೇಲೆದ್ದರು ಎಂದು ವಿಚಾರಿಸುವವರು ಕಡಿಮೆ. ಆರು ತಿಂಗಳ ನಂತರ, ಅಂದು ಅತ್ತವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಗಿರಾಕಿಯ ಅಳತೆ ಬರೆದುಕೊಳ್ಳುತ್ತಿರಬಹುದು. ಗಟ್ಟಿಗಿತ್ತಿ ಎನಿಸಿಕೊಂಡವಳು ರಾತ್ರಿ ಮೂರಕ್ಕೆ ಎದ್ದು ಸೂರು ನೋಡುತ್ತ ಮಲಗಿರಬಹುದು.

ತಾಳುವುದು ಮತ್ತು ಚೇತರಿಸಿಕೊಳ್ಳುವುದು ಎಂಬ ಎರಡು ಮಾತುಗಳನ್ನು ಕನ್ನಡ ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಬಿದ್ದ ಹೊರೆಯನ್ನು ಹೊತ್ತು ನಿಲ್ಲುವುದು ತಾಳಿಕೆ. ಹೊರೆ ಇಳಿದ ಮೇಲೆ, ಅಥವಾ ಹೊರೆ ಇರುವಾಗಲೇ, ಮತ್ತೆ ಉಸಿರಾಡಿಕೊಂಡು ಬದುಕಿಗೆ ಮರಳುವುದು ಚೇತರಿಕೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಅದರಲ್ಲಿ ಮುಖ್ಯವಾದ ಪದ ಬಾಳುವುದು. ಬರೀ ತಾಳಿಕೊಂಡೇ ಸವೆದು ಹೋದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಮನಶ್ಶಾಸ್ತ್ರಜ್ಞರು ‘ರೆಸಿಲಿಯನ್ಸ್’ ಎಂದು ಕರೆಯುವುದು ಬಹುಮಟ್ಟಿಗೆ ಈ ಚೇತರಿಸಿಕೊಳ್ಳುವ ಶಕ್ತಿಯನ್ನು. ಅದು ತನ್ನಲ್ಲಿ ಎಷ್ಟಿದೆ ಎಂದು ತಿಳಿಯಬೇಕಾದವರು ‘ನಾನು ಎಷ್ಟು ಸಹಿಸಬಲ್ಲೆ’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ‘ಬಿದ್ದಾಗ ನಾನು ಹೇಗೆ ಎದ್ದೆ, ಯಾರ ಕೈ ಹಿಡಿದು ಎದ್ದೆ’ ಎಂದು ಕೇಳಿಕೊಳ್ಳಬೇಕು.

2002ರ ಆಂಟಿಗಾ ಟೆಸ್ಟ್ ಪಂದ್ಯದ ಒಂದು ಚಿತ್ರ ಕ್ರಿಕೆಟ್ ನೋಡುವ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಬ್ಯಾಟಿಂಗ್ ಮಾಡುವಾಗ ಚೆಂಡು ಬಡಿದು ದವಡೆ ಮುರಿದಿದ್ದ ಅನಿಲ್ ಕುಂಬ್ಳೆ ಮುಖದ ಸುತ್ತ ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದರು, 14 ಓವರ್ ಎಸೆದರು, ಬ್ರಯಾನ್ ಲಾರಾ ಅವರ ವಿಕೆಟ್ ಕಿತ್ತರು. ಇಪ್ಪತ್ತು ವರ್ಷ ದಾಟಿದರೂ ಆ ಫೋಟೊ ಹಳತಾಗಿಲ್ಲ. ಅದರ ಮುಂದಿನ ಭಾಗಕ್ಕೆ ಅಂಥ ಫೋಟೊ ಇಲ್ಲ: ಅವರು ಪ್ರವಾಸವನ್ನು ಅಲ್ಲಿಗೇ ಬಿಟ್ಟು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಿದರು. ಆ 14 ಓವರ್ ತಾಳಿಕೆಯಾದರೆ, ಊರಿಗೆ ಬಂದು ವೈದ್ಯರ ಕೈಗೆ ದವಡೆ ಒಪ್ಪಿಸಿದ್ದು ಚೇತರಿಕೆ. ಆಮೇಲೆ ಅವರು 2008ರವರೆಗೆ ಆಡಿ ಒಟ್ಟು 619 ಟೆಸ್ಟ್ ವಿಕೆಟ್ ತಲುಪಿದ್ದರಲ್ಲಿ ಎರಡನೆಯದರ ಪಾಲು ಸಣ್ಣದಲ್ಲ.

ಈ ಶಕ್ತಿ ಎಲ್ಲಿಂದ ಬರುತ್ತದೆ? ಹುಟ್ಟಿನಿಂದ ಬಂದ ಗುಣ ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆಯನ್ನು ಬಹಳ ಕಾಲ, ಬಹಳ ತಾಳ್ಮೆಯಿಂದ ಪರೀಕ್ಷಿಸಿದ ಕೆಲಸ ಹವಾಯಿ ದ್ವೀಪಸಮೂಹದ ಕವಾಯಿ ಎಂಬ ಪುಟ್ಟ ದ್ವೀಪದಲ್ಲಿ ನಡೆಯಿತು. ಕಬ್ಬು, ಅನಾನಸ್ ತೋಟಗಳಲ್ಲಿ ದುಡಿಯುವ ವಲಸೆ ಕುಟುಂಬಗಳು ತುಂಬಿದ್ದ ಊರುಗಳವು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್, ರೂತ್ ಸ್ಮಿತ್ ಮತ್ತವರ ಸಂಗಡಿಗರು ಹಿಂಬಾಲಿಸಿದರು. ಮಗುವಿಗೆ ಒಂದು ವರ್ಷವಾದಾಗ, ಎರಡಾದಾಗ, ಹತ್ತಾದಾಗ, ಹದಿನೆಂಟಾದಾಗ, ಮೂವತ್ತೆರಡಾದಾಗ, ನಲವತ್ತಾದಾಗ ಹೋಗಿ ನೋಡಿದರು. ಜರ್ಮನಿಯಲ್ಲಿ ಹುಟ್ಟಿದ ವರ್ನರ್ ಸ್ವತಃ ಎರಡನೇ ಮಹಾಯುದ್ಧದ ನಡುವೆ ಬೆಳೆದವರು. ಕಷ್ಟದಲ್ಲಿ ಬೆಳೆಯುವ ಮಕ್ಕಳನ್ನು ಅವರು ಹೊರಗಿನವರಾಗಿ ನೋಡಿದವರಲ್ಲ.

ಆ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರ ಪಾಲಿಗೆ ಕಷ್ಟಗಳು ಒಂದರ ಮೇಲೊಂದು ಪೇರಿಕೊಂಡಿದ್ದವು. ಬಡತನ, ಹೆರಿಗೆಯಲ್ಲಾದ ತೊಂದರೆ, ಮನೆಯಲ್ಲಿ ದಿನಾ ಜಗಳ, ಕುಡಿಯುವ ತಂದೆ ಅಥವಾ ಮಾನಸಿಕ ಕಾಯಿಲೆಯ ತಾಯಿ. ಇವರಲ್ಲಿ ಬಹುಪಾಲು ಮಕ್ಕಳು ಓದಿನಲ್ಲೋ ನಡತೆಯಲ್ಲೋ ಎಡವಿದರು. ಆದರೆ ಮೂವರಲ್ಲಿ ಒಬ್ಬರು ಹದಿನೆಂಟರ ಹೊತ್ತಿಗೆ ಆತ್ಮವಿಶ್ವಾಸವುಳ್ಳ, ಇತರರನ್ನು ಅಕ್ಕರೆಯಿಂದ ಕಾಣುವ ತರುಣ ತರುಣಿಯರಾಗಿ ನಿಂತಿದ್ದರು. ಅವರ ಬಾಲ್ಯವನ್ನು ಕೆದಕಿದಾಗ ಮತ್ತೆ ಮತ್ತೆ ಒಬ್ಬ ವ್ಯಕ್ತಿ ಎದುರಾದರು. ಕೆಲವರಿಗೆ ಅಜ್ಜಿ, ಕೆಲವರಿಗೆ ಚಿಕ್ಕಮ್ಮ ಅಥವಾ ಅಕ್ಕ, ಕೆಲವರಿಗೆ ಶಾಲೆಯ ಮೇಷ್ಟ್ರು. ತಂದೆ ತಾಯಿಯಿಂದ ಸಿಗದಿದ್ದ ಭರವಸೆಯನ್ನು ಆ ಒಬ್ಬರು ತಪ್ಪದೆ ಕೊಟ್ಟಿದ್ದರು. ಇನ್ನೊಂದು ಸಂಗತಿಯೂ ಕಂಡಿತು. ತಮ್ಮ–ತಂಗಿಯರನ್ನು ನೋಡಿಕೊಳ್ಳುವಂಥ ಮನೆಯ ಜವಾಬ್ದಾರಿ ಆ ಮಕ್ಕಳಲ್ಲಿ ಅನೇಕರ ಹೆಗಲ ಮೇಲಿತ್ತು. ತಮ್ಮಿಂದ ಯಾರಿಗೋ ಉಪಯೋಗವಿದೆ ಎಂಬುದು ಅವರಿಗೆ ಗೊತ್ತಿತ್ತು.

ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುವ ಭಾಗ ಕೊನೆಯಲ್ಲಿದೆ. ಹದಿನೆಂಟರಲ್ಲಿ ಹಾದಿ ತಪ್ಪಿದ್ದವರಲ್ಲೂ ಹೆಚ್ಚಿನವರು ಮೂವತ್ತು ನಲವತ್ತರ ಹೊತ್ತಿಗೆ ಬದುಕನ್ನು ಸರಿಪಡಿಸಿಕೊಂಡಿದ್ದರು. ಬಿಟ್ಟ ಓದನ್ನು ಮುಂದುವರಿಸಿದ್ದು, ಸೈನ್ಯಕ್ಕೆ ಸೇರಿ ಒಂದು ಕೆಲಸ ಕಲಿತದ್ದು, ಒಳ್ಳೆಯ ಸಂಗಾತಿ ಸಿಕ್ಕಿದ್ದು ಅವರ ದಾರಿ ತಿರುಗಿಸಿದ ಸಂದರ್ಭಗಳು. ಹುಟ್ಟುಗುಣದ ಪಾಲು ಇಲ್ಲವೆಂದಲ್ಲ. ಆದರೆ ನಲವತ್ತು ವರ್ಷದ ಆ ದಾಖಲೆಯನ್ನು ಓದಿದ ಮೇಲೆ ‘ನನ್ನ ಹಣೆಬರಹವೇ ಇಷ್ಟು’ ಎಂದು ಕೈಚೆಲ್ಲಲು ಆಧಾರ ಉಳಿಯುವುದಿಲ್ಲ.

ಆ್ಯನ್ ಮಾಸ್ಟನ್ ಎಂಬ ಮನಶ್ಶಾಸ್ತ್ರಜ್ಞೆ 2001ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಈ ಶಕ್ತಿಯನ್ನು ಸಾಮಾನ್ಯರ ಮಾಂತ್ರಿಕತೆ ಎಂಬರ್ಥದ ಹೆಸರಿನಿಂದ ಕರೆದರು. ಕೊಲಂಬಿಯಾ ವಿಶ್ವವಿದ್ಯಾಲಯದ ಜಾರ್ಜ್ ಬೊನಾನೊ 2004ರಲ್ಲಿ, ದೊಡ್ಡ ಆಘಾತಕ್ಕೆ ಸಿಕ್ಕಿದವರಲ್ಲೂ ಸ್ಥಿರವಾಗಿ ಬದುಕು ನಡೆಸಿಕೊಂಡು ಹೋಗುವವರ ಸಂಖ್ಯೆ ವೈದ್ಯರು ಅಂದುಕೊಂಡಿದ್ದಕ್ಕಿಂತ ಹೆಚ್ಚು ಎಂದು ತೋರಿಸಿದರು. ಅಳದವರೆಲ್ಲ ಒಳಗೊಳಗೆ ಕುಸಿದಿದ್ದಾರೆಂದು ಭಾವಿಸುವುದೂ ತಪ್ಪು ಎಂದಾಯಿತು. ಜಗಲಿಯಲ್ಲಿ ಕೂತು ಕಣ್ಣೀರನ್ನು ಅಳೆದರೆ ಯಾವ ಕಡೆಗೂ ಸರಿಯಾದ ತೀರ್ಪು ಸಿಗದು.

ಹಾಗಾದರೆ ಅಳೆಯುವುದು ಹೇಗೆ?

ಮೊದಲು ಅಳೆಯಬೇಕಾದದ್ದು ಶಕ್ತಿಯನ್ನಲ್ಲ, ಹೊರೆಯನ್ನು. ತಲೆಯ ಮೇಲೆ ಎಷ್ಟಿದೆ ಎಂದು ಲೆಕ್ಕ ಹಾಕದೆ ‘ನಾನು ದುರ್ಬಲ’ ಎಂದು ಹಳಿದುಕೊಳ್ಳುವುದು ಅನ್ಯಾಯ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ಅಮೆರಿಕದ ಮನೋವೈದ್ಯರು ಬದುಕಿನ 43 ಘಟನೆಗಳ ಪಟ್ಟಿ ಮಾಡಿ ಪ್ರತಿಯೊಂದಕ್ಕೂ ಅಂಕ ಕೊಟ್ಟರು. ಬಾಳಸಂಗಾತಿಯ ಸಾವಿಗೆ 100, ವಿಚ್ಛೇದನಕ್ಕೆ 73. ಮದುವೆಗೂ 50 ಅಂಕ ಇದೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರಿಗೆ ಇದರಲ್ಲಿ ಅಚ್ಚರಿಯೇನೂ ಕಾಣುತ್ತಿರಲಿಲ್ಲ. ಶುಭಕಾರ್ಯವೂ ಮನುಷ್ಯನನ್ನು ಹಣ್ಣು ಮಾಡುತ್ತದೆ. ಹಾಗಾಗಿ ಕಳೆದ ಒಂದು ವರ್ಷದಲ್ಲಿ ನಡೆದದ್ದನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯುವುದು ಮೊದಲ ಹೆಜ್ಜೆ: ವರ್ಗಾವಣೆ, ಅಪ್ಪನ ಬೈಪಾಸ್, ಮಗಳ ಮದುವೆ, ಬೋರ್‌ವೆಲ್ ಬತ್ತಿದ್ದು, ಮನೆಸಾಲದ ಕಂತು. ಪಟ್ಟಿ ನೋಡಿದಾಗಲೇ ಎಷ್ಟೋ ಜನರಿಗೆ ತಮ್ಮ ಸುಸ್ತಿನ ಕಾರಣ ಹೊಳೆಯುತ್ತದೆ.

ಹೊರೆಯ ಬಗ್ಗೆ ಮಾತಾಡುವಾಗ ತಮಿಳುನಾಡಿನ ಕಬ್ಬು ಬೆಳೆಗಾರರನ್ನು ನೆನೆಯಬೇಕು. ವಿಳುಪ್ಪುರಂ, ತಿರುವಣ್ಣಾಮಲೈ ಸೀಮೆಯ 464 ರೈತರಿಗೆ ಸಂಶೋಧಕರು ಕಟಾವಿಗೆ ಮೊದಲು ಒಮ್ಮೆ, ಕಟಾವಾಗಿ ಹಣ ಕೈಸೇರಿದ ಮೇಲೆ ಒಮ್ಮೆ ತರ್ಕ ಮತ್ತು ಏಕಾಗ್ರತೆಯ ಪರೀಕ್ಷೆ ಕೊಟ್ಟರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ಫಲಿತಾಂಶ ಬಂತು. ಅದೇ ರೈತ, ಅದೇ ಬುದ್ಧಿ. ಆದರೆ ಕೈ ಬರಿದಾಗಿದ್ದ ತಿಂಗಳುಗಳಲ್ಲಿ ಅಂಕ ಕಡಿಮೆ, ಕಟಾವಿನ ನಂತರ ಹೆಚ್ಚು. ಬಾಕಿ ಹಣಕ್ಕೆ ಕಾದು ಕೂತ ಅನುಭವವಿರುವ ಮಂಡ್ಯದ ಬೆಳೆಗಾರನಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಮಂಕಾಗುವ ತಲೆ ಆ ಮನುಷ್ಯನ ನಿಜವಾದ ಅಳತೆಯಲ್ಲ. ತನ್ನ ಬಗ್ಗೆ ಅಂತಿಮ ತೀರ್ಮಾನವನ್ನು, ಜಮೀನು ಮಾರುವಂಥ ದೊಡ್ಡ ನಿರ್ಧಾರವನ್ನು, ಅಂಥ ವಾರದಲ್ಲಿ ಒಂಟಿಯಾಗಿ ತೆಗೆದುಕೊಳ್ಳಬಾರದು.

ಹೊರೆಯ ನಂತರ ಶಕ್ತಿ. ಇದಕ್ಕೆ ಸಂಶೋಧಕರು ಬಳಸುವ ಪ್ರಶ್ನಾವಳಿಗಳು ಹಲವು ಇವೆ. 1993ರಲ್ಲಿ ವ್ಯಾಗ್‌ನಿಲ್ಡ್ ಮತ್ತು ಯಂಗ್, 2003ರಲ್ಲಿ ಕಾನರ್ ಮತ್ತು ಡೇವಿಡ್‌ಸನ್ ರೂಪಿಸಿದವು 25 ಪ್ರಶ್ನೆಗಳವು. ಓದುಗರು ಮನೆಯಲ್ಲೇ ಕೂತು ಅರ್ಥಮಾಡಿಕೊಳ್ಳಬಹುದಾದಷ್ಟು ಚಿಕ್ಕದು, 2008ರಲ್ಲಿ ಬ್ರೂಸ್ ಸ್ಮಿತ್ ತಂಡ ಪ್ರಕಟಿಸಿದ ಆರೇ ವಾಕ್ಯಗಳ ಮಾಪನ. ಅದು ಕೇಳುವುದು ಒಂದೇ ವಿಷಯವನ್ನು: ಪೆಟ್ಟು ಬಿದ್ದ ಮೇಲೆ ಮರಳಿ ಬರಲು ನಿಮಗೆ ಎಷ್ಟು ಹೊತ್ತು ಬೇಕು? ಮೂರು ವಾಕ್ಯಗಳು ನೇರ. ಕಷ್ಟದ ನಂತರ ಬೇಗ ಏಳುತ್ತೇನೆ, ಒತ್ತಡದಿಂದ ಹೊರಬರಲು ಹೆಚ್ಚು ದಿನ ಹಿಡಿಯುವುದಿಲ್ಲ, ಕಠಿಣ ಕಾಲವನ್ನು ಅಷ್ಟೇನೂ ತೊಂದರೆಯಿಲ್ಲದೆ ದಾಟುತ್ತೇನೆ ಎಂಬ ಧಾಟಿಯವು. ಉಳಿದ ಮೂರು ಇದಕ್ಕೆ ತಿರುಗುಮುರುಗಾದವು. ಪ್ರತಿ ವಾಕ್ಯಕ್ಕೆ ‘ಖಂಡಿತ ಇಲ್ಲ’ ಎಂಬ 1ರಿಂದ ‘ಖಂಡಿತ ಹೌದು’ ಎಂಬ 5ರವರೆಗೆ ಅಂಕ. ತಿರುಗುಮುರುಗಾದ ಮೂರಕ್ಕೆ ಅಂಕವನ್ನೂ ತಿರುಗಿಸಬೇಕು, ಅಂದರೆ 5 ಇದ್ದರೆ 1, 4 ಇದ್ದರೆ 2. ಎಲ್ಲವನ್ನೂ ಕೂಡಿ ಆರರಿಂದ ಭಾಗಿಸಿದಾಗ 3ಕ್ಕಿಂತ ಕೆಳಗೆ ಬಂದರೆ ಚೇತರಿಕೆಯ ಶಕ್ತಿ ಸದ್ಯ ಕುಗ್ಗಿದೆ ಎಂದೂ, 3ರಿಂದ 4.3ರವರೆಗೆ ಸಾಮಾನ್ಯ ಎಂದೂ, ಅದಕ್ಕೂ ಮೇಲಿದ್ದರೆ ಚೆನ್ನಾಗಿದೆ ಎಂದೂ ಓದುತ್ತಾರೆ.

ಇಲ್ಲಿ ‘ಸದ್ಯ’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇದು ರಕ್ತಪರೀಕ್ಷೆಯಲ್ಲ, ಕಾಯಿಲೆ ಪತ್ತೆ ಮಾಡುವ ಸಾಧನವೂ ಅಲ್ಲ. ಒಂದು ದಿನದ ಮನಸ್ಥಿತಿ ಅಂಕವನ್ನು ಮೇಲೆ ಕೆಳಗೆ ಮಾಡಬಲ್ಲದು. ಎರಡು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿ ನೋಡಿ, ಯಾವ ಕಡೆಗೆ ಸರಿಯುತ್ತಿದೆ ಎಂದು ಗಮನಿಸುವುದು ಹೆಚ್ಚು ಉಪಯುಕ್ತ.

ಅಂಕಕ್ಕಿಂತ ಹೆಚ್ಚು ಮಾತಾಡುವುದು ಅವರವರದೇ ಹಳೆಯ ದಾಖಲೆ. ಹಿಂದೆ ಬಿದ್ದು ಎದ್ದ ಎರಡು ಸಂದರ್ಭಗಳನ್ನು ಆರಿಸಿಕೊಂಡು, ಒಂದೊಂದಕ್ಕೆ ಒಂದೊಂದು ಪುಟ ಕೊಡಬೇಕು. ಮೊದಲ ವಾರ ನಿದ್ದೆ, ಊಟ ಹೇಗಿತ್ತು? ಯಾರ ಮನೆಗೆ ಹೋದೆ, ಯಾರ ಫೋನು ಎತ್ತಲಿಲ್ಲ? ಮತ್ತೆ ಮೊದಲು ಶುರುಮಾಡಿದ ಕೆಲಸ ಯಾವುದು? ಪರಿಸ್ಥಿತಿಯನ್ನು ಇನ್ನಷ್ಟು ಹದಗೆಡಿಸಿದ ಯಾವ ಕೆಲಸ ಮಾಡಿದೆ? ಯಾವತ್ತು ‘ಪರವಾಗಿಲ್ಲ’ ಅನಿಸಿತು? 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬೀಗ ಹಾಕಿಕೊಂಡ ದಿನಗಳನ್ನು ಬಹುತೇಕ ಎಲ್ಲರೂ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ದಾವಣಗೆರೆಯ ಒಬ್ಬ ದರ್ಜಿ ಈ ಪುಟ ತುಂಬಿಸುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ಮದುವೆ ಸೀಜನ್ನಿಗೆಂದು ತಂದಿಟ್ಟ ಬಟ್ಟೆ ಹಾಗೇ ಉಳಿದಿತ್ತು ಎಂದು ಬರೆಯುತ್ತಾನೆ. ಮೂರು ವಾರ ಹಗಲು ಮಲಗಿದೆ, ರಾತ್ರಿ ಟಿ.ವಿ. ಮುಂದೆ ಕೂತೆ. ಅಣ್ಣನ ಫೋನು ಬಂದರೆ ಎತ್ತಲಿಲ್ಲ, ದುಡ್ಡು ಕೇಳುತ್ತೇನೆಂದು ತಿಳಿದಾನು ಎಂಬ ನಾಚಿಕೆ. ಕೈಗಡ ತಂದೆ, ಬಡ್ಡಿ ಕೇಳದೆ ತಂದೆ. ಐದನೇ ವಾರ ಬೀದಿಯ ಔಷಧಿ ಅಂಗಡಿಯವರು ಬಟ್ಟೆ ಮಾಸ್ಕ್ ಹೊಲಿದು ಕೊಡುತ್ತೀಯಾ ಎಂದು ಕೇಳಿದರು. ಬೇಡ ಅಂದೆ. ಹೆಂಡತಿ ನನ್ನನ್ನು ಕೇಳದೆ ಉಳಿದ ಶರ್ಟ್ ಬಟ್ಟೆ ಕತ್ತರಿಸಿ ಮೇಜಿನ ಮೇಲಿಟ್ಟಳು. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಆ ರಾತ್ರಿ ನಿದ್ದೆ ಬಂತು.

ಹತ್ತು ಸಾಲಿನ ಈ ಪುಟ ಅವನ ಬಗ್ಗೆ ಯಾವ ಪ್ರಶ್ನಾವಳಿಗಿಂತಲೂ ಹೆಚ್ಚು ಹೇಳುತ್ತದೆ. ಕಷ್ಟ ಬಂದಾಗ ಅವನು ಮೊದಲು ಮಾಡುವುದು ತನ್ನವರ ಫೋನು ಎತ್ತದಿರುವುದು. ಅಪಾಯದ ಮೊದಲ ಗುರುತು ಅದೇ, ಮುಂದಿನ ಸಲ ಅದನ್ನೇ ಮೊದಲು ಹಿಡಿಯಬೇಕು. ಅವನಿಗೆ ನಿದ್ದೆ ಕೊಟ್ಟದ್ದು ಹಣವಲ್ಲ, ಕೈಗೆ ಬಂದ ಕೆಲಸ. ಒಂದು ಮಾಸ್ಕಿಗೆ ಸಿಕ್ಕ ದುಡ್ಡು ಬಾಡಿಗೆಗೂ ಸಾಲದಿದ್ದಿರಬಹುದು. ಅವನನ್ನು ಎಬ್ಬಿಸಿದವಳು ಉಪದೇಶ ಮಾಡಲಿಲ್ಲ, ಬಟ್ಟೆ ಕತ್ತರಿಸಿ ಇಟ್ಟಳು. ತನ್ನ ಚೇತರಿಕೆ ಯಾವ ಬಾಗಿಲಿನಿಂದ ಬರುತ್ತದೆ ಎಂಬುದು ಅವನಿಗೆ ಈಗ ಗೊತ್ತು. ಇನ್ನೊಬ್ಬರಿಗೆ ಆ ಬಾಗಿಲು ಭಜನೆಯಾಗಿರಬಹುದು, ಹೊಲವಾಗಿರಬಹುದು, ಗೆಳತಿಯ ಅಡುಗೆಮನೆಯಾಗಿರಬಹುದು. ಅದಕ್ಕಾಗಿಯೇ ಬೇರೆಯವರ ಯಶಸ್ಸಿನ ಕಥೆ ಓದುವುದಕ್ಕಿಂತ ತನ್ನ ಪುಟ ಬರೆಯುವುದು ಮುಖ್ಯ.

ಹಾಗೆಂದು ಬೇರೆಯವರ ಬದುಕಿನಿಂದ ಕಲಿಯಲು ಏನೂ ಇಲ್ಲ ಎಂದಲ್ಲ. 2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನವರ ಕಥೆ ಕನ್ನಡದ ಶಾಲಾಮಕ್ಕಳಿಗೂ ಗೊತ್ತು. ಪರಿಸರಪ್ರೇಮದ ಪಾಠವಾಗಿ ಓದುವ ಅದನ್ನು ದುಃಖದಿಂದ ಎದ್ದ ಇಬ್ಬರ ಕಥೆಯಾಗಿಯೂ ಓದಬಹುದು. ಮಾಗಡಿ ಸೀಮೆಯ ಹುಲಿಕಲ್ಲಿನಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿಗೆ ಮಕ್ಕಳಾಗಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಬಂಜೆ ಎಂಬ ಮಾತು ಹೆಣ್ಣಿಗೆ ದಿನನಿತ್ಯದ ಇರಿತ. ಅವರು ಊರಿನಲ್ಲಿ ಸಮೃದ್ಧವಾಗಿದ್ದ ಆಲದಿಂದ ಸಸಿ ಮಾಡಿದರು. ಮೊದಲ ವರ್ಷ 10, ಎರಡನೇ ವರ್ಷ 15, ಮೂರನೇ ವರ್ಷ 20. ಕುದೂರಿನ ದಾರಿಯುದ್ದಕ್ಕೂ ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದರು. ದನ ಮೇಯದಂತೆ ಮುಳ್ಳು ಕಟ್ಟಿದರು. ಅವು ಬೆಳೆದು 385 ಆಲದ ಮರಗಳಾದವು.

ಆ ಎಣಿಕೆ ಶುರುವಾದದ್ದು ಹತ್ತರಿಂದ ಎಂಬುದನ್ನು ಗಮನಿಸಬೇಕು. ಒಬ್ಬರೇ ಅಲ್ಲ, ಇಬ್ಬರು ಎಂಬುದನ್ನೂ ಗಮನಿಸಬೇಕು. ಬಿಂದಿಗೆ ಹೊರಲು ಜೊತೆಗೊಬ್ಬರು, ಮಾಡಲು ದಿನದಿನದ ಒಂದು ಕೆಲಸ, ಆ ಕೆಲಸದಿಂದ ಬದುಕುವ ಇನ್ನೊಂದು ಜೀವ. ಕವಾಯಿಯ ಸಂಶೋಧಕರು ನಲವತ್ತು ವರ್ಷದಲ್ಲಿ ಕಂಡದ್ದೂ ಬಹುಪಾಲು ಇದನ್ನೇ. ಆದ್ದರಿಂದ ನೋಟುಬುಕ್ಕಿನ ಇನ್ನೊಂದು ಪುಟದಲ್ಲಿ ಮೂರೇ ಪ್ರಶ್ನೆ ಇರಲಿ. ರಾತ್ರಿ ಎರಡು ಗಂಟೆಗೆ ಸಂಕೋಚವಿಲ್ಲದೆ ಯಾರಿಗೆ ಫೋನು ಮಾಡಬಲ್ಲೆ? ನಾನು ಮಾಡದಿದ್ದರೆ ನಿಂತುಹೋಗುವ ಯಾವ ಕೆಲಸ ನನ್ನ ಕೈಯಲ್ಲಿದೆ? ಸಂಬಳ ಅಥವಾ ಆದಾಯ ನಾಳೆ ನಿಂತರೆ ಮನೆ ಎಷ್ಟು ವಾರ ನಡೆಯುತ್ತದೆ? ಮೊದಲನೆಯದಕ್ಕೆ ಹೆಸರೇ ಬರದಿದ್ದರೆ ಗಾಬರಿಯಾಗಬೇಕಿಲ್ಲ, ಆದರೆ ಅಲ್ಲಿಂದಲೇ ಕೆಲಸ ಶುರುವಾಗಬೇಕು. ಕಷ್ಟವಿಲ್ಲದ ದಿನಗಳಲ್ಲಿ ಮಾತಾಡಿಸದವರನ್ನು ಕಷ್ಟ ಬಂದ ರಾತ್ರಿ ಕರೆಯಲು ನಾಲಿಗೆ ಏಳುವುದಿಲ್ಲ. ಹಳ್ಳಿಯ ಹೆಂಗಸರಿಗೆ ಸ್ವಸಹಾಯ ಸಂಘದ ವಾರದ ಸಭೆ ಹಣದ ಗಂಟೂ ಹೌದು, ಹೇಳಿಕೊಳ್ಳುವ ಜಾಗವೂ ಹೌದು. ಪಟ್ಟಣದ ಬಾಡಿಗೆ ಮನೆಯಲ್ಲಿ ಒಂಟಿಯಾಗಿರುವ ಗಂಡಸಿಗೆ ಎಷ್ಟೋ ಸಲ ಅಂಥ ಜಾಗವೇ ಇರುವುದಿಲ್ಲ.

ಹೇಳಿಕೊಳ್ಳಲು ಆಗದವರು ಬರೆಯಬಹುದು. 1986ರಲ್ಲಿ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಅತ್ಯಂತ ನೋವಿನ ಅನುಭವದ ಬಗ್ಗೆ ಬರೆಯಲು ಹೇಳಿದರು. ಬರೆದ ತಕ್ಷಣ ಅವರ ಮನಸ್ಸು ಭಾರವಾಯಿತು. ಆದರೆ ಮುಂದಿನ ಆರು ತಿಂಗಳಲ್ಲಿ, ಘಟನೆಯನ್ನೂ ಅದರ ನೋವನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆಯಾಯಿತು. ಆಮೇಲಿನ ಅಧ್ಯಯನಗಳಲ್ಲಿ ಪರಿಣಾಮ ಎಲ್ಲರಿಗೂ ಒಂದೇ ಸಮ ಕಂಡಿಲ್ಲ. ಬರೆಯುತ್ತ ಹೋದಂತೆ ನೋವು ತಾಳಲಾರದಷ್ಟು ಕೆದರಿದರೆ ಅಲ್ಲಿಗೆ ನಿಲ್ಲಿಸಿ ಯಾರೊಂದಿಗಾದರೂ ಕೂತು ಮಾತಾಡುವುದೇ ಸರಿ.

ತನ್ನನ್ನು ತಾನೇ ಅಳೆದುಕೊಳ್ಳುವುದಕ್ಕೆ ಒಂದು ಎಲ್ಲೆಯಿದೆ. ಎರಡು ವಾರ ದಾಟಿದರೂ ದಿನದ ಹೆಚ್ಚು ಹೊತ್ತು ಮನಸ್ಸು ಕುಸಿದೇ ಇದ್ದರೆ, ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ನಿದ್ದೆ ಊಟ ಕೆಟ್ಟು ಕೆಲಸ ನಡೆಯದಂತಾದರೆ, ಕುಡಿತ ಏರುತ್ತಿದ್ದರೆ ಅದು ಗಟ್ಟಿತನದ ಪ್ರಶ್ನೆಯೇ ಅಲ್ಲ, ಚಿಕಿತ್ಸೆಯ ಪ್ರಶ್ನೆ. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬಾರದು, ಅಂದೇ ಹೇಳಬೇಕು. ಮನೆಯವರು ಅಂಥವರನ್ನು ಒಂಟಿಯಾಗಿ ಬಿಡಬಾರದು. ಮುರಿದ ದವಡೆಗೆ ವೈದ್ಯರ ಬಳಿ ಹೋಗುವವರು ಮುರಿದ ಮನಸ್ಸಿಗೆ ‘ಧೈರ್ಯ ತಗೋ’ ಎಂಬ ಮಾತಷ್ಟೇ ಸಾಕು ಎಂದುಕೊಂಡಿರುವುದರಿಂದ ಎಷ್ಟೋ ಜೀವಗಳು ಹೋಗಿವೆ.

ಈ ನೆರವು ದೊಡ್ಡ ನಗರದಲ್ಲಿ ಮಾತ್ರ ಸಿಗುತ್ತದೆ ಎಂದು ಭಾವಿಸಬೇಕಿಲ್ಲ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದು ಎಂಬುದನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿ ಪ್ರಯೋಗವೇ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಎಲ್ಲಿದೆ, ಯಾವ ದಿನ ಇರುತ್ತಾರೆ ಎಂದು ಇಂದೇ ವಿಚಾರಿಸಿ ಆ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಬಹುದು. ಅದರ ಕೆಳಗೆ ಇನ್ನೊಂದು ಸಂಖ್ಯೆಯೂ ಇರಲಿ: 14416. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.